ಸಣ್ಣ ಶಾರ್ಕಿನ ವಯಸ್ಸು

ಶಾರ್ಕಿನ ಕಣ್ಣಿನಲ್ಲಿ ಅದರ ಆಯುಷ್ಯದ ಲೆಕ್ಕ ಇರುತ್ತದೆ ಎಂಬುದು ಹಿಂದಿನ ವಿಜ್ಞಾನಿಗಳಿಗೂ ಗೊತ್ತಿತ್ತು. ಆದರೆ ಆ ಲೆಕ್ಕ ಓದಬೇಕೆಂದರೆ ಶಾರ್ಕನ್ನು ಕೊಂದು ಕಣ್ಣು ತೆಗೆಯಬೇಕಿತ್ತು. ಕೊಲ್ಲದೆ ಓದುವ ದಾರಿಯನ್ನು ಕಂಡುಹಿಡಿದವಳು ಗಂಗೊಳ್ಳಿಯ ನಿಶ್ಮಿತಾ ಮೊಗವೀರ.

ಕಣ್ಣಿನ ಪಾಪೆಯ ಹಿಂದಿರುವ ಮಸೂರ ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ನಟ್ಟನಡುವಿನ ತಿರುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆಗುವಂಥದ್ದು. ಆಮೇಲೆ ಅದರ ಮೇಲೊಂದು, ಅದರ ಮೇಲೆ ಇನ್ನೊಂದು. ಮೈಯ ಉಳಿದ ಭಾಗಗಳೆಲ್ಲ ಹಳತನ್ನು ಕಳಚಿ ಹೊಸತನ್ನು ಕಟ್ಟಿಕೊಳ್ಳುತ್ತಲೇ ಇರುತ್ತವೆ. ಮಸೂರ ಮಾತ್ರ ಒಮ್ಮೆ ಕಟ್ಟಿದ್ದನ್ನು ಸಾಯುವತನಕ ಬಿಡುವುದಿಲ್ಲ. ಆ ಪದರಗಳಲ್ಲಿರುವ ಪ್ರೋಟೀನು ಕಾಲ ಕಳೆದಂತೆ ತುಸುತುಸುವೇ ಮಾರ್ಪಡುತ್ತ ಹೋಗುತ್ತದೆ. ನಿಶ್ಮಿತಾಳ ಉಪಕರಣ ಕಣ್ಣೊಳಗೆ ಹದವಾದ ಬೆಳಕು ಬಿಟ್ಟು, ಯಾವ ಪದರ ಎಷ್ಟು ಹಳೆಯದು, ಎಷ್ಟು ದಪ್ಪ ಎಂದು ಅಳೆಯುತ್ತಿತ್ತು. ದಪ್ಪ ಪದರವೆಂದರೆ ಹೊಟ್ಟೆತುಂಬ ತಿಂದು ಬೆಳೆದ ಕಾಲ. ತೆಳುವೆಂದರೆ ಹಸಿವಿನ ಕಾಲ. ಕಾಗದಪತ್ರಗಳಲ್ಲಿ ಅದರ ಹೆಸರು ಮಸೂರಮಾಪಕ. ಜನರ ಬಾಯಲ್ಲಿ ಅದು 'ಕಣ್ ಮಿಷನ್' ಆಯಿತು.

ಗಂಗೊಳ್ಳಿಯ ಅಳಿವೆಯ ಬಳಿ, ಹಳೆಯ ಮಂಜುಗಡ್ಡೆ ಕಾರ್ಖಾನೆಯಿದ್ದ ಜಾಗದಲ್ಲಿ ಸಾಗರ ಸಂಶೋಧನಾ ಕೇಂದ್ರ ಎದ್ದಿತ್ತು. ಆ ದಿನ ಅಲ್ಲಿನ ನಿಯಂತ್ರಣ ಕೊಠಡಿಯಲ್ಲಿ ಕುಳಿತು ನಿಶ್ಮಿತಾ ಪರದೆ ನೋಡುತ್ತಿದ್ದಳು. ಅವಳ ಸಹೋದ್ಯೋಗಿ ಮುನಾವರ್ ನೇತ್ರಾಣಿ ದ್ವೀಪದ ಹತ್ತಿರ ದೋಣಿಯಲ್ಲಿದ್ದ. ಸುತ್ತಿಗೆತಲೆ ಶಾರ್ಕೊಂದನ್ನು ಬಟ್ಟೆಯ ಜೋಲಿಗೆ ಬರಮಾಡಿ, ಅಂಗಾತ ತಿರುಗಿಸಿದ್ದ. ಅಂಗಾತ ಮಲಗಿಸಿದರೆ ಶಾರ್ಕು ಮಂಪರು ಬಂದಂತೆ ಸುಮ್ಮನಾಗುತ್ತದೆ.

"ಉದ್ದ ಒಂದು ಮೀಟರ್ ನಲವತ್ತು. ಹೆಣ್ಣು. ಇದು ನಮ್ಮ ಇಪ್ಪತ್ತೇಳನೆಯದ್ದು, ಸಣ್ಣವುಗಳಲ್ಲಿ ಮೊದಲನೆಯದ್ದು," ಎಂದು ಅವನ ದನಿ ಕೇಳಿಸಿತು.

ಉದ್ದ ಗೊತ್ತಾದರೆ ವಯಸ್ಸು ಹೇಳುವುದು ಸುಲಭ. ಸುತ್ತಿಗೆತಲೆ ಶಾರ್ಕುಗಳ ಬೆಳವಣಿಗೆಯ ರೇಖೆ ದಶಕಗಳ ಹಿಂದೆಯೇ ತಯಾರಾಗಿತ್ತು. ಆಗ ಬಂದರಿಗೆ ಬಂದ ಸತ್ತ ಶಾರ್ಕುಗಳ ಬೆನ್ನುಮೂಳೆ ಕೊಯ್ದು, ಮರದ ಕಾಂಡದಲ್ಲಿರುವಂಥ ಉಂಗುರಗಳನ್ನು ಎಣಿಸಿ ಮಾಡಿದ ಲೆಕ್ಕ ಅದು. ಮೊದಲ ವರ್ಷಗಳಲ್ಲಿ ರೇಖೆ ಸರ್ರನೆ ಏರುತ್ತದೆ, ಆಮೇಲೆ ಏರಿಕೆ ನಿಧಾನವಾಗುತ್ತದೆ, ಮುಪ್ಪಿನಲ್ಲಿ ಹೆಚ್ಚುಕಮ್ಮಿ ಚಪ್ಪಟೆ. ಆ ರೇಖೆಯ ಪ್ರಕಾರ ಇದು ನಾಲ್ಕು ವರ್ಷದ ಮರಿ.

ಪರದೆಯ ಮೇಲೆ ಮಸೂರದ ಪದರಗಳು ಒಂದೊಂದಾಗಿ ಮೂಡಿ, ಕೆಳಗೆ ಅಂಕಿ ಬಿತ್ತು. ಹನ್ನೊಂದು.

"ಮುನಾವರ್, ಆ ಕಡೆಯ ಕಣ್ಣಿಗೂ ಒಮ್ಮೆ ಹಿಡಿ."

ಸುತ್ತಿಗೆಯ ಇನ್ನೊಂದು ತುದಿಯಲ್ಲಿದ್ದ ಕಣ್ಣೂ ಅದನ್ನೇ ಹೇಳಿತು.

"ಮಿಷನ್ನಿಗೆ ಉಪ್ಪುನೀರು ಹೋಗಿರ್ಬೇಕು," ಎಂದ ಮುನಾವರ್. "ಹನ್ನೊಂದು ವರ್ಷದ್ದು ಅಂದ್ರೆ ಇದು ನನ್ನ ತಲೆ ಮೀರಿ ಉದ್ದ ಇರ್ಬೇಕಿತ್ತು. ಇದು ನನ್ನ ಭುಜಕ್ಕೂ ಸರಿಯಾಗಿ ಬರೋದಿಲ್ಲ."

"ಬಿಟ್ಬಿಡು ಅದನ್ನ, ಪಾಪ. ಸುಸ್ತಾಗಿರ್ತದೆ," ಎಂದಳು ನಿಶ್ಮಿತಾ. ಜೋಲಿಯಿಂದ ಜಾರಿದ ಶಾರ್ಕು ಒಮ್ಮೆ ಮೈ ಕೊಡವಿ ನೀಲಿಯಲ್ಲಿ ಕರಗಿ ಹೋಯಿತು. ಅವಳ ತಲೆಯಿಂದ ಮಾತ್ರ ಹೋಗಲಿಲ್ಲ.

ಸಂಜೆ ಮನೆಗೆ ಬಂದಾಗ ಅಂಗಳದಲ್ಲಿ ಅವಳ ತಾಯಿ ಮೀನು ಕೊಯ್ಯುತ್ತ ಕುಳಿತಿದ್ದರು. ಎಪ್ಪತ್ತು ದಾಟಿದ ಆ ಹೆಂಗಸಿನ ಹೆಸರು ಬೇಬಿ. ಹುಟ್ಟಿದಾಗ ಮುದ್ದಿಗೆ ಕರೆದದ್ದೇ ಶಾಲೆಯಲ್ಲೂ ಸೇರಿ, ಮತದಾರರ ಪಟ್ಟಿಯಲ್ಲೂ ಕೂತು, ಈಗ ಊರಿಗೆಲ್ಲ ಬೇಬಿಯಮ್ಮ. ಅವರ ಪಕ್ಕದಲ್ಲಿ ಮೊಣಕಾಲು ಮಡಚಿ ಕೂತು ಮೀನಿನ ಹುರುಪೆ ಕೆರೆಯುತ್ತಿದ್ದವಳು ಹುಲಿಗೆಮ್ಮ.

ಹುಲಿಗೆಮ್ಮ ಆ ಮನೆಗೆ ಬಂದು ಮೂರು ವರ್ಷ. ಅವಳ ಅಪ್ಪ ಅವ್ವ ಕೊಪ್ಪಳದ ಕಡೆಯಿಂದ ದೋಣಿ ಕೆಲಸಕ್ಕೆಂದು ಬಂದವರು, ಬಂದರಿನ ತಗಡಿನ ಶೆಡ್ಡಿನಲ್ಲಿ ಇದ್ದವರು. ಆ ವರ್ಷದ ಚಂಡಮಾರುತದಲ್ಲಿ ಕಡಲು ಬಂದರಿನೊಳಗೇ ನುಗ್ಗಿತು. ಶೆಡ್ಡುಗಳಿದ್ದ ಜಾಗದಲ್ಲಿ ಮರುದಿನ ಬರೀ ಮರಳು. ಬದುಕುಳಿದ ಮಕ್ಕಳಿಗಾಗಿ ಸರ್ಕಾರ ಹೊಸ ವ್ಯವಸ್ಥೆ ಮಾಡಿತು: ಹತ್ತು ವರ್ಷದೊಳಗಿನವರನ್ನು ಇಷ್ಟವಿದ್ದ ಮನೆಯವರು ಸಾಕಬಹುದು, ಮೇಲಿನವರು ಬೇರೆ ಬೇರೆ ಜಿಲ್ಲೆಗಳ ಹಾಸ್ಟೆಲುಗಳಿಗೆ. ಮದುವೆಯ ಗೋಜಿಗೆ ಹೋಗದ ನಿಶ್ಮಿತಾ, ಪರಿಹಾರ ಶಿಬಿರಕ್ಕೆ ಅಕ್ಕಿ ಕೊಡಲು ಹೋದವಳು, ಮೂಲೆಯಲ್ಲಿ ಕೂತಿದ್ದ ಕಡ್ಡಿಯಂಥ ಹುಡುಗಿಯನ್ನು ನೋಡಿದ್ದಳು. "ಎಷ್ಟು ವರ್ಷ ನಿನಗೆ?" ಎಂದರೆ "ಒಂಬತ್ತು" ಎಂದಿತ್ತು ಅದು. ಹಾಗೆ ಅವಳು ಈ ಮನೆಯ ಮಗಳಾದಳು. ಈಗ ಶಾಲೆಯ ಲೆಕ್ಕದಲ್ಲಿ ಹನ್ನೆರಡರ ಹುಡುಗಿ, ಆರನೆಯ ತರಗತಿ. ಗಂಗೊಳ್ಳಿಯ ಮಾತನ್ನೇ ಆಡುತ್ತಾಳೆ. ಹಳೆಯ ಮಾತು ಸಿಟ್ಟು ಬಂದಾಗ ಮಾತ್ರ.

"ಶಾಲೆಂಗೆ ಎಂತದೋ ಚೀಟಿ ಕೊಟ್ಟಿರ್ ಕಾಣ್," ಎಂದರು ಬೇಬಿಯಮ್ಮ. "ಕಣ್ ಮಿಷನ್ ಬತ್ತಂಬ್ರ್. ನಿಂದೇ ಅಲ್ದಾ ಅದ್?"

ನಿಶ್ಮಿತಾ ಚೀಟಿ ಓದಿ ನಕ್ಕಳು. ಶಾರ್ಕುಗಳಿಗೆಂದು ಮಾಡಿದ್ದನ್ನು ಮನುಷ್ಯರ ಕಣ್ಣಿಗೂ ಹಿಡಿಯಬಹುದು ಎಂದು ಗೊತ್ತಾದದ್ದೇ ತಡ, ಅದು ಅವಳ ಕೈಮೀರಿ ಬೆಳೆದಿತ್ತು. ಹದಿನಾರರ ತಂಡದಲ್ಲಿ ಆಡುತ್ತಿದ್ದ ಇಪ್ಪತ್ತರ ಕ್ರಿಕೆಟ್ ಆಟಗಾರರು ಸಿಕ್ಕಿಬಿದ್ದರು. ಹುಟ್ಟಿದ ದಾಖಲೆಯಿಲ್ಲದೆ ಅಲೆಯುತ್ತಿದ್ದ ಮುದುಕರಿಗೆ ಪಿಂಚಣಿ ಸಿಕ್ಕಿತು. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಕಣ್ಣಿನ ಕಾರ್ಡನ್ನೂ ಕೇಳುವಂತಾಯಿತು. ಈಗ ಸರದಿ ಶಾಲೆಗಳದ್ದು. ಪ್ರತಿ ಮಗುವಿನ ವಯಸ್ಸನ್ನೂ ದೃಢಪಡಿಸಿ ಬರೆದಿಡಬೇಕಂತೆ. ಒಳ್ಳೆಯದೇ ಎಂದುಕೊಂಡು ಅವಳು ಸಹಿ ಹಾಕಿಕೊಟ್ಟಳು.

ಹುಲಿಗೆಮ್ಮ ತಲೆ ಎತ್ತಲಿಲ್ಲ. ಹುರುಪೆ ಪೂರ್ತಿ ಹೋಗಿದ್ದ ಮೀನನ್ನೇ ಮತ್ತೆ ಮತ್ತೆ ಕೆರೆಯುತ್ತಿದ್ದಳು.

ಮುಂದಿನ ವಾರಗಳಲ್ಲಿ ಮುನಾವರ್ ಇನ್ನಷ್ಟು ಶಾರ್ಕುಗಳನ್ನು ಜೋಲಿಗೆ ಬರಮಾಡಿದ. ಉಪಕರಣವನ್ನು ಬಿಚ್ಚಿ, ಒರೆಸಿ, ಬೇರೆಯದನ್ನೂ ತಂದು ನೋಡಿದ್ದಾಯಿತು. ಮರಿ ಎಂದುಕೊಂಡವುಗಳಲ್ಲಿ ನಿಜವಾದ ಮರಿಗಳು ಬೆರಳೆಣಿಕೆಯಷ್ಟು. ಉಳಿದವು ಹತ್ತರವು, ಹನ್ನೆರಡರವು. ಒಂದೊಂದರ ಪದರಗಳನ್ನೂ ಬಿಡಿಸಿ ನೋಡಿದಾಗ ನಿಶ್ಮಿತಾಳಿಗೆ ಸಂಗತಿ ತಿಳಿಯಾಯಿತು. ಎಲ್ಲವುಗಳ ಮಸೂರದಲ್ಲೂ ಒಂದೇ ಕಾಲಕ್ಕೆ ಪದರ ತೆಳುವಾಗಿತ್ತು. ಕಡಲಿನಲ್ಲಿ ಬೂತಾಯಿ ಮೀನು ಕಾಣೆಯಾದ ವರ್ಷಗಳು ಅವು. ತಿನ್ನಲಿಲ್ಲ, ಬೆಳೆಯಲಿಲ್ಲ. ವಯಸ್ಸು ಮಾತ್ರ ತನ್ನ ಪಾಡಿಗೆ ಸಾಗಿತ್ತು. ಬೆಳವಣಿಗೆ ನಿಂತಾಗ ಬೆನ್ನುಮೂಳೆಯಲ್ಲಿ ಉಂಗುರ ಮೂಡುವುದೂ ನಿಂತುಬಿಡುತ್ತದೆ. ಹಾಗಾಗಿ ಹಳೆಯ ವಿಧಾನಕ್ಕೆ ಇವು ಸಿಕ್ಕುತ್ತಲೇ ಇರಲಿಲ್ಲ. ಹೊಟ್ಟೆತುಂಬಿದ ಕಾಲದ ಶಾರ್ಕುಗಳಿಂದ ಎಳೆದ ರೇಖೆಯನ್ನು ಹಸಿದ ಕಾಲದ ಶಾರ್ಕುಗಳಿಗೆ ಹಿಡಿದರೆ ಲೆಕ್ಕ ತಪ್ಪದೆ ಏನಾಗುತ್ತದೆ?

ಆದರೆ ಈ ಲೆಕ್ಕಕ್ಕೆ ಬಂದರಿನ ಬದುಕು ಕಾದು ಕೂತಿತ್ತು. ಶಾರ್ಕುಗಳು ಹೆಚ್ಚಲೆಂದು ನೇತ್ರಾಣಿಯ ಸುತ್ತ ನಾಲ್ಕು ವರ್ಷಗಳಿಂದ ದೊಡ್ಡ ದೋಣಿಗಳ ಮೀನುಗಾರಿಕೆ ಬಂದ್ ಆಗಿತ್ತು; ದಡದಂಚಿನ ಸಣ್ಣ ದೋಣಿಗಳಿಗಷ್ಟೇ ಅನುಮತಿ. ಸಣ್ಣ ಸಣ್ಣ ಶಾರ್ಕುಗಳು ಹಿಂಡುಹಿಂಡಾಗಿ ಕಾಣಿಸಿಕೊಂಡಾಗ, ನಿಷೇಧದಿಂದ ಮರಿಗಳು ಹೆಚ್ಚಿವೆ, ಇನ್ನು ಬಲೆ ಬಿಡಬಹುದು ಎಂದು ಎಲ್ಲರೂ ಸಂತೋಷಪಟ್ಟಿದ್ದರು. ನಿರ್ಧಾರ ಮಾಡಲು ಸಲಹಾ ಸಮಿತಿಯ ಸಭೆ ಗೊತ್ತಾಗಿತ್ತು. ಇವು ಮರಿಗಳಲ್ಲ, ಹಸಿದು ಕುಗ್ಗಿದ ಹಳೆಯವೇ, ಹೊಸದಾಗಿ ಹುಟ್ಟಿದ್ದು ತೀರ ಕಡಿಮೆ ಎಂದು ನಿಶ್ಮಿತಾ ಹೇಳಿದರೆ ನಿಷೇಧ ಮುಂದುವರಿಯುತ್ತದೆ.

"ನಿಮ್ಮ ಕೇರಿಯವರೇ ನಿಮ್ಮನ್ನ ಮಾತಾಡ್ಸೋದಿಲ್ಲ, ನೋಡಿ," ಎಂದ ಮುನಾವರ್. "ನನ್ನ ಮಾವನ ದೋಣಿಯೂ ದಡದಲ್ಲೇ ಇದೆ. ಆದ್ರೂ ಬೇರೆ ದಾರಿ ಕಾಣೋದಿಲ್ಲ."

ಸಭೆಗೆ ಇನ್ನೆರಡು ದಿನ ಇರುವಾಗ ಮಧ್ಯಾಹ್ನ ಬೇಬಿಯಮ್ಮನ ಫೋನು ಬಂತು.

"ಬೇಗ ಬಾ ಹೆಣೆ. ಹುಲಿಗಿ ಕಣ್ಣ್ ಬಿಡ್ತಿಲ್ಲೆ."

ನಿಶ್ಮಿತಾ ಓಡಿ ಬಂದಾಗ ಹುಲಿಗೆಮ್ಮ ಬಾವಿಕಟ್ಟೆಯ ಮೇಲೆ ಕೂತು ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಳು. ಎರಡೂ ಕಣ್ಣು ಊದಿ ಕೆಂಡದಂತಾಗಿದ್ದವು. ಅಂದು ಶಾಲೆಗೆ ಕಣ್ ಮಿಷನ್ ಬರುವ ದಿನ. ಕಣ್ಣು ಬೇನೆ ಇದ್ದವರಿಗೆ ಇನ್ನೊಮ್ಮೆ ಮಾಡುತ್ತೇವೆ ಎಂದು ಹೇಳಿ ಅವಳನ್ನು ಮನೆಗೆ ಕಳಿಸಿದ್ದರು. ಬೇಬಿಯಮ್ಮ ಅವಳ ಕರವಸ್ತ್ರ ಹಿಡಿದು ನಿಂತಿದ್ದರು. ಅದರ ಮೂಲೆಯಲ್ಲಿ ಮೆಣಸಿನ ಪುಡಿ ಕಟ್ಟಿದ ಗುರುತು ಇತ್ತು.

"ನೀನೇ ಹಾಕ್ಕಂಡದ್ದಾ?" ನಿಶ್ಮಿತಾ ಕರವಸ್ತ್ರ ಕಸಿದುಕೊಂಡಳು. "ಎಂತಕ್ಕೆ ಹುಲಿಗಿ? ಕಣ್ಣ್ ಹೋತಿತ್ತಲ್ಲ ಮಾರಾಯ್ತಿ!"

ಬೇಬಿಯಮ್ಮ ತಣ್ಣನೆಯ ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣಿನ ಮೇಲಿಟ್ಟರು. ಆ ಬಟ್ಟೆಯ ಕೆಳಗಿನಿಂದಲೇ, ಮುಖ ಕಾಣದ್ದರಿಂದ ಧೈರ್ಯ ಬಂದಂತೆ, ಹುಡುಗಿ ಬಾಯಿಬಿಟ್ಟಳು. ಬಾಯಿಂದ ಬಂದದ್ದು ಕೊಪ್ಪಳದ ಮಾತು.

"ಶಿಬಿರದಾಗ ಒಬ್ಬಾಕಿ ಹೇಳಿದ್ಲು, ಸಣ್ಣವ್ರನ್ನಷ್ಟ ಮನಿಗೆ ಕರ್ಕೊಂಡ್ ಹೋಗ್ತಾರ, ದೊಡ್ಡವ್ರನ್ನ ಹಾಸ್ಟೆಲ್ಲಿಗೆ ಹಾಕ್ತಾರ ಅಂತ. ನಾ ಗಿಡ್ಡ ಇದ್ನಿ. ಒಂಬತ್ತು ಅಂದೆ. ಯಾರೂ ತಿರುಗಿ ಕೇಳ್ಲಿಲ್ಲ."

"ಆಗ ನಿಂಗೆ ಎಷ್ಟ್?"

"ಹನ್ನೆರಡು."

ಅಂದರೆ ಈಗ ಹದಿನೈದು. ನಿಶ್ಮಿತಾ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಮೂರು ವರ್ಷ ತಾನು ಅವಳಿಗೆ ಗೊಂಬೆಯ ಚಿತ್ರವಿದ್ದ ಚೀಲ ಕೊಡಿಸಿದ್ದೇನೆ, ರಸ್ತೆ ದಾಟುವಾಗ ಕೈ ಹಿಡಿದಿದ್ದೇನೆ, ಬೇಡಬೇಡವೆಂದರೂ ಜಡೆ ಹಾಕಿದ್ದೇನೆ. ಆರನೆಯ ತರಗತಿಯ ಪುಟ್ಟ ಮಕ್ಕಳ ನಡುವೆ ಈ ಹುಡುಗಿ ಒಂದು ದಿನವೂ ಜಾಣತನ ತೋರಿಸದೆ, ತನಗೆ ಗೊತ್ತಿದ್ದ ಲೆಕ್ಕಗಳನ್ನೂ ಬೇಕೆಂದೇ ತಪ್ಪು ಮಾಡುತ್ತ ಕೂತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ನೋವಾದದ್ದು, ನಾಚಿಕೆಯೂ ಆದದ್ದು ಒಂದು ಸ್ವಾರ್ಥದ ಲೆಕ್ಕದಿಂದ. ಮಗಳು ದೊಡ್ಡವಳಾಗಿ ಹೊರಟು ನಿಲ್ಲಲು ಇನ್ನೂ ಆರು ವರ್ಷ ಇದೆ ಎಂದುಕೊಂಡಿದ್ದಳು. ಇರುವುದು ಮೂರೇ.

"ಮಿಷನ್ ಹೇಳಿಬಿಡ್ತದ," ಎಂದಳು ಹುಲಿಗೆಮ್ಮ. "ಆಮ್ಯಾಲ ನನ್ನ ಕಳಿಸ್ತಾರ. ಹೌದಿಲ್ಲೋ?"

ಹೌದು ಎಂಬುದು ನಿಶ್ಮಿತಾಳಿಗೆ ಗೊತ್ತಿತ್ತು. ಹತ್ತು ವರ್ಷದೊಳಗಿನ ಮಗು ಎಂದೇ ಆದೇಶ ಆಗಿದ್ದು. ಸುಳ್ಳೆಂದಾದರೆ ಆದೇಶ ರದ್ದು. ಅವಳು ಬಟ್ಟೆಯನ್ನು ಮತ್ತೆ ಹಾಲಿಗೆ ಅದ್ದಿ ಕೊಟ್ಟಳು.

ಬೇಬಿಯಮ್ಮ ಮಾತ್ರ ಸೆರಗಿನಿಂದ ಹುಡುಗಿಯ ಮೂಗು ಒರೆಸಿ ಹೇಳಿದರು: "ನಂಗ್ ಒಂಬತ್ತಾದ್ರೂ ಅಷ್ಟೇ, ತೊಂಬತ್ತಾದ್ರೂ ಅಷ್ಟೇ. ಬೆಳಗ್ಗಿಂದ ಉಣ್ಲಿಲ್ಲೆ ಅದ್. ಮೊದ್ಲ್ ಗಂಜಿ ಕುಡೀಲಿ."

ಸಲಹಾ ಸಮಿತಿಯ ಸಭೆ ಕೇಂದ್ರದ ದೊಡ್ಡ ಕೋಣೆಯಲ್ಲಿ ಸೇರಿತು. ಒಂದು ಬದಿಗೆ ಅಧಿಕಾರಿಗಳು, ಇನ್ನೊಂದು ಬದಿಗೆ ದೋಣಿಯವರು. ನಿಶ್ಮಿತಾ ಎರಡು ರೇಖೆಗಳನ್ನು ಪರದೆಯ ಮೇಲೆ ತೋರಿಸಿದಳು: ಹಳೆಯದು ಮೇಲೆ, ಈಗಿನ ಶಾರ್ಕುಗಳದ್ದು ಕೆಳಗೆ ಕುಸಿದು ತೆವಳುವಂಥದ್ದು.

ದೋಣಿಯವರ ಪರವಾಗಿ ಬಂದಿದ್ದ ರಾಜು ಮೊಗವೀರ ಎದ್ದು ನಿಂತ. ವರಸೆಯಲ್ಲಿ ಅವಳಿಗೆ ಚಿಕ್ಕಪ್ಪ ಆಗಬೇಕು. "ಬಲೆ ಒಣ್ಗ್ಸಿ ಇಟ್ಟ್ ನಾಕ್ ವರ್ಷ ಆಯ್ತ್ ಮಗಾ. ಮರಿ ಕಣ್ಣಿಗ್ ಕಾಣ್ತಾ ಇತ್ತ್. ಈಗ ಅದ್ ಮರಿ ಅಲ್ಲ, ಮುದ್ಕಿ ಅಂದ್ರೆ ಯಾರ್ ನಂಬುದ್?"

ಕೆಲವರು ನಕ್ಕರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ನಗಲಿಲ್ಲ.

"ಡಾಕ್ಟ್ರೇ, ಸರಳವಾಗಿ ಹೇಳಿಬಿಡಿ," ಎಂದರು. "ಉದ್ದ ನೋಡಿದ್ರೆ ನಾಲ್ಕು ವರ್ಷ. ಉಪಕರಣ ಹನ್ನೊಂದು ಅಂತದೆ. ತಪ್ಪಿದ್ದು ರೇಖೆಯೋ, ಉಪಕರಣವೋ? ಉಪಕರಣದ ಮೇಲೆ ನಿಮಗೇ ಅನುಮಾನ ಇದ್ರೆ ನಾನು ಇವತ್ತೇ ಮೇಲಕ್ಕೆ ಬರೀತೇನೆ. ಶಾಲೆಗಳಲ್ಲಿ ನಡೀತಿರೋದನ್ನೂ ನಿಲ್ಲಿಸ್ಬೇಕಾಗ್ತದೆ."

"ಎಷ್ಟು ದಿನ?" ನಿಶ್ಮಿತಾಳ ಬಾಯಿಂದ ತಾನಾಗಿ ಬಂತು.

"ಮರುಪರೀಕ್ಷೆ ಅಂದ್ರೆ ಗೊತ್ತಲ್ಲ. ವರ್ಷಗಟ್ಟಲೆ ಹೋಗಬಹುದು."

ಕೋಣೆ ಅವಳ ಉತ್ತರಕ್ಕೆ ಕಾಯುತ್ತಿತ್ತು. 'ಇನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು' ಎಂದರೆ ಸಾಕು. ಯಾವ ವಿಜ್ಞಾನಿಯೂ ಯಾವಾಗ ಬೇಕಾದರೂ ಆಡಬಹುದಾದ, ಯಾರೂ ತಪ್ಪು ಎನ್ನಲಾರದ ಮಾತು. ವರ್ಷಗಟ್ಟಲೆ ಎಂದರೆ ಹುಲಿಗೆಮ್ಮನಿಗೆ ಹದಿನೆಂಟು ತುಂಬುತ್ತದೆ. ಆಮೇಲೆ ಯಾರೂ ಅವಳನ್ನು ಎಲ್ಲಿಗೂ ಕಳಿಸಲಾರರು. ಚಿಕ್ಕಪ್ಪನ ದೋಣಿ ನಾಳೆಯೇ ನೀರಿಗಿಳಿಯುತ್ತದೆ. ಎಲ್ಲರೂ ಚಹಾ ಕುಡಿದು ಸಂತೋಷದಿಂದ ಮನೆಗೆ ಹೋಗುತ್ತಾರೆ.

ಮತ್ತೆ ಆ ಬಲೆಗಳು ಮೊದಲು ಎತ್ತುವುದು ಇಪ್ಪತ್ತೇಳನೆಯ ಆ ಶಾರ್ಕಿನಂಥವನ್ನು. ಹಸಿವಿನ ವರ್ಷಗಳನ್ನು ಹೇಗೋ ಕಳೆದು, ಇನ್ನೇನು ಮರಿ ಹಾಕುವ ಮಟ್ಟಕ್ಕೆ ಬರುತ್ತಿರುವ ಹೆಣ್ಣುಗಳನ್ನು. ಅವು ಹೋದರೆ ಹಿಂದೆ ಬರುವವು ಇಲ್ಲ. ಆಮೇಲೆ ಚಿಕ್ಕಪ್ಪನ ಬಲೆಗೂ ಏನೂ ಇರುವುದಿಲ್ಲ.

"ಉಪಕರಣ ಸರಿ ಇದೆ," ಎಂದಳು ನಿಶ್ಮಿತಾ. "ರೇಖೆ ತಪ್ಪು. ಸಣ್ಣದಾಗಿ ಕಂಡ ಮಾತ್ರಕ್ಕೆ ಅವು ಸಣ್ಣವಲ್ಲ."

ನಿಷೇಧ ಇನ್ನೆರಡು ವರ್ಷಕ್ಕೆ ಮುಂದುವರಿಯಿತು. ದೋಣಿಯವರಿಗೆ ಅಲ್ಲಿಯವರೆಗೆ ಪರಿಹಾರ ಕೊಡಬೇಕೆಂದು ನಿಶ್ಮಿತಾ ವಾದ ಮಾಡಿ ಬರೆಸಿದಳು. ರಾಜು ಚಿಕ್ಕಪ್ಪ ಅವಳ ಮುಖ ನೋಡದೆ ಹೊರಗೆ ಹೋದ. ಮರುದಿನದಿಂದ ಬೇಬಿಯಮ್ಮನ ಅಂಗಳಕ್ಕೆ ಯಾರ ಮನೆಯಿಂದಲೂ ಮೀನು ಬರಲಿಲ್ಲ. ಮುದುಕಿ ಯಾರನ್ನೂ ದೂರದೆ ಹುರುಳಿ ಸಾರು ಮಾಡಿದರು.

ಹುಲಿಗೆಮ್ಮನಿಗೆ ವಿಷಯ ಮುಟ್ಟಿತ್ತು. ಸಭೆಯಲ್ಲಿ ಏನಾಯಿತು, ಅಧಿಕಾರಿ ಏನು ಕೇಳಿದರು ಎಂಬುದೆಲ್ಲ ಊರ ಬಾಯಲ್ಲಿತ್ತಲ್ಲ.

"ಅನುಮಾನ ಐತಿ ಅಂದಿದ್ರ ಸಾಕಿತ್ತು," ಎಂದಳು ಅವಳು. ಊತ ಇಳಿದಿದ್ದ ಕಣ್ಣುಗಳಲ್ಲಿ ಈಗ ಬೇರೆ ಉರಿ. "ನಿಮಗ ಶಾರ್ಕ್ ದೊಡ್ಡವು. ನಾ ಅಲ್ಲ."

"ಹಂಗಲ್ಲ ಹುಲಿಗಿ…"

"ನನ್ನ ಕೇಳಬೇಕಿತ್ತು. ಸಣ್ಣಾಕಿ ಅಲ್ಲ ಅಂತ ಗೊತ್ತಾಗಿತ್ತಲ್ಲ ನಿಮಗ. ಕೇಳಲಿಲ್ಲ."

ಕೇಳಬೇಕಿತ್ತು, ನಿಜ. ಕೇಳಿದ್ದರೂ ನಿಶ್ಮಿತಾ ಸಭೆಯಲ್ಲಿ ಅದೇ ಉತ್ತರ ಹೇಳುತ್ತಿದ್ದಳು, ಅದೂ ನಿಜ. "ಕೇಳ್ಲಿಲ್ಲೆ. ತಪ್ಪಾಯ್ತ್," ಎಂದಷ್ಟೇ ಹೇಳಿದಳು. ಹುಡುಗಿ ಬಾಗಿಲು ಹಾಕಿಕೊಂಡಳು.

ಮೂರನೆಯ ದಿನ ಶಾಲೆಯ ಹೊತ್ತಿಗೆ, ಸಮವಸ್ತ್ರದಲ್ಲೇ, ಹುಲಿಗೆಮ್ಮ ಕೇಂದ್ರದ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಮುನಾವರ್ ಅವಳನ್ನು ಒಳಗೆ ಕರೆದುಕೊಂಡು ಬಂದ.

"ನನಗೂ ಹಿಡೀರಿ," ಎಂದಳು. "ಬ್ಯಾರೇದವ್ರು ನೋಡೂಕಿಂತ ಮೊದಲು ನಾ ನೋಡ್ತೀನಿ."

ನಿಶ್ಮಿತಾ ಉಪಕರಣವನ್ನು ಸಜ್ಜು ಮಾಡಿದಳು. ಹುಲಿಗೆಮ್ಮ ಗದ್ದ ಊರಿ, ಕಣ್ಣು ಪಿಳುಕಿಸದೆ ಬೆಳಕನ್ನು ನೋಡಿದಳು. ಪರದೆಯ ಮೇಲೆ ಪದರಗಳು ಮೂಡತೊಡಗಿದವು. ನಡುವಿನಲ್ಲಿ ತಾಯಿಯ ಹೊಟ್ಟೆಯಲ್ಲಿದ್ದಾಗಿನ ತಿರುಳು. ಅದರ ಸುತ್ತ ಕೆಲವು ಒಳ್ಳೆಯ ದಪ್ಪ ಪದರಗಳು. ಆಮೇಲೆ ನೂಲಿನಷ್ಟು ತೆಳುವಾದವು, ಒಂದಕ್ಕೊಂದು ಅಂಟಿಕೊಂಡು. ಹೊರಗಡೆ ಮತ್ತೆ ಅಗಲ ಪದರ, ಒಳಗಿನ ಯಾವುದಕ್ಕಿಂತಲೂ ಅಗಲ. ಕೆಳಗೆ ಅಂಕಿ: ಹದಿನೈದು.

ಹುಲಿಗೆಮ್ಮ ಎದ್ದು ಪರದೆಯ ಹತ್ತಿರ ಹೋದಳು. "ಇದು ಏನು?" ಒಳಗಿನ ದಪ್ಪ ಪದರದ ಮೇಲೆ ಬೆರಳಿಟ್ಟಳು.

"ಆಗ ನಿನಗೆ ನಾಲ್ಕೈದು ವರ್ಷ ಇರ್ಬೇಕು. ಚೆನ್ನಾಗಿ ತಿಂದ ಕಾಲ."

"ಊರಾಗಿದ್ದಾಗ," ಎಂದಳು ಹುಡುಗಿ ಮೆಲ್ಲಗೆ. "ಎಮ್ಮಿ ಇತ್ತು." ಬೆರಳು ತೆಳು ಪದರಗಳ ಮೇಲೆ ಸರಿಯಿತು. ಅದನ್ನು ಅವಳು ಕೇಳಲಿಲ್ಲ; ಕೇಳುವ ಅಗತ್ಯ ಇರಲಿಲ್ಲ. ಕೊನೆಗೆ ಹೊರಗಿನ ಅಗಲ ಪದರದ ಮೇಲೆ ಬೆರಳು ನಿಂತಿತು.

"ಅದು ನೀನು ನಮ್ಮನೆಗೆ ಬಂದ ಮೇಲೆ," ಎಂದಳು ನಿಶ್ಮಿತಾ.

ಮುನಾವರ್ ಏನೋ ಕೆಲಸ ನೆನಪಾದವನಂತೆ ಹೊರಗೆ ಹೋದ.

ಹುಲಿಗೆಮ್ಮ ಪರದೆಯಿಂದ ಬೆರಳು ತೆಗೆದಳು. ಆಮೇಲೆ, "ಅವ್ರು ಬಂದು ಹಿಡಿಯೂಕಿಂತ ನಾವ ಹೋಗೂಣು," ಎಂದಳು.

ಮಕ್ಕಳ ವಿಚಾರಣೆ ನಡೆಸುವ ಸಮಿತಿ ಉಡುಪಿಯಲ್ಲಿತ್ತು. ಅಲ್ಲಿನ ಅಧ್ಯಕ್ಷೆ ನಡುವಯಸ್ಸಿನ ಹೆಂಗಸು, ದನಿ ಏರಿಸದವರು, ಆದರೆ ನಿಯಮ ಬಿಡುವವರೂ ಅಲ್ಲ. ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಳೆ ಆದೇಶ ಉಳಿಯೋದಿಲ್ಲ ಮೇಡಂ. ಅದು ರದ್ದು. ಹೊಸದಾಗಿ ವಿಚಾರಣೆ ಆಗೋವರೆಗೆ ಹುಡುಗಿ ಇಲ್ಲಿನ ಹಾಸ್ಟೆಲಿನಲ್ಲಿ ಇರ್ಬೇಕು." ನಿಶ್ಮಿತಾಳ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಒಂದು ವಿಷಯ ಹೇಳ್ತೇನೆ. ಚಿಕ್ಕ ಮಕ್ಕಳಾದ್ರೆ ನಾವೇ ತೀರ್ಮಾನ ಮಾಡ್ತೇವೆ. ಹದಿನಾಲ್ಕು ದಾಟಿದವರಾದ್ರೆ ಅವರ ಮಾತನ್ನೂ ಕೇಳಿಯೇ ಬರೀಬೇಕು ಅಂತಿದೆ. ಅವತ್ತು ಅವಳೇ ಹೇಳಲಿ."

ಹುಲಿಗೆಮ್ಮ ಹಾಸ್ಟೆಲಿಗೆ ಹೋದ ದಿನ ಬೇಬಿಯಮ್ಮ ಅಂಗಳದಲ್ಲಿ ಕೂತು ದೊಡ್ಡ ದನಿ ತೆಗೆದು ಅತ್ತರು. ಆ ಅಳು ಕೇರಿಗೆಲ್ಲ ಕೇಳಿಸಿತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬಾಳೆಲೆ ಮುಚ್ಚಿದ ಬುಟ್ಟಿಯಲ್ಲಿ ಬಂಗುಡೆ ಮೀನು ಇತ್ತು. ಇಟ್ಟವರು ಯಾರೆಂದು ಅವರು ವಿಚಾರಿಸಲಿಲ್ಲ.

ಶನಿವಾರ ಬಂದರೆ ನಿಶ್ಮಿತಾ ಉಡುಪಿಗೆ ಹೋಗುತ್ತಿದ್ದಳು, ಬೇಬಿಯಮ್ಮ ಮಾಡಿ ಕೊಟ್ಟ ಒಣಸೀಗಡಿ ಚಟ್ನಿಯ ಡಬ್ಬಿ ಹಿಡಿದು. ಮೊದಲ ಸಲ ಹುಲಿಗೆಮ್ಮ ಡಬ್ಬಿ ತೆಗೆದುಕೊಂಡು ಮಾತಾಡದೆ ಒಳಗೆ ಹೋದಳು. ಎರಡನೆಯ ಸಲ ಅಜ್ಜಿ ಹೇಗಿದ್ದಾರೆ ಎಂದು ಕೇಳಿದಳು. ಅದರ ಮುಂದಿನ ಸಲ, ಪರೀಕ್ಷೆ ಮಾಡಿ ತನ್ನನ್ನು ಒಂಬತ್ತನೆಯ ತರಗತಿಯಲ್ಲಿ ಕೂರಿಸಿದ್ದಾರೆಂದೂ ಬೀಜಗಣಿತ ಚೆನ್ನಾಗಿದೆಯೆಂದೂ ಹೇಳಿದಳು. ಹೇಳುವಾಗ ಮುಚ್ಚಿಡಲಾಗದ ಒಂದು ಹೆಮ್ಮೆ ಅವಳ ಮುಖದಲ್ಲಿತ್ತು. ನಿಶ್ಮಿತಾ ತನ್ನ ಹೊಸ ಕೆಲಸದ ಬಗ್ಗೆ ಹೇಳಿದಳು: ಎಲ್ಲ ಶಾರ್ಕುಗಳಿಗೂ ಒಂದೇ ರೇಖೆ ಎಂಬುದನ್ನು ಬಿಟ್ಟು, ಯಾವ ವರ್ಷ ಕಡಲಿನಲ್ಲಿ ಎಷ್ಟು ಆಹಾರವಿತ್ತು ಎಂಬುದನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದಾಳೆ. ಬೂತಾಯಿ ಮರಳಿದ ಮೇಲೆ ಕೆಲವು ಶಾರ್ಕುಗಳು ಮತ್ತೆ ಬೆಳೆಯತೊಡಗಿವೆ. ಕಳೆದುಕೊಂಡದ್ದನ್ನೆಲ್ಲ ತುಂಬಿಕೊಳ್ಳುತ್ತವೋ ಇಲ್ಲವೋ ಹೇಳಲು ಬರುವುದಿಲ್ಲ, ಆದರೆ ಬೆಳೆಯುತ್ತಿವೆ.

ವಿಚಾರಣೆಯ ದಿನ ಬೇಬಿಯಮ್ಮನೂ ಹೊಸ ಸೀರೆ ಉಟ್ಟು ಬಂದಿದ್ದರು. ಅಧ್ಯಕ್ಷೆ ಹುಲಿಗೆಮ್ಮನನ್ನು ಎದುರಿಗೆ ಕೂರಿಸಿಕೊಂಡರು.

"ನಿನಗೆ ಎಲ್ಲಿರೋದಕ್ಕೆ ಇಷ್ಟ?"

"ಗಂಗೊಳ್ಳಿಯಾಗ."

"ಹಾಸ್ಟೆಲಿನಲ್ಲಿ ತೊಂದರೆ ಏನಾದ್ರೂ ಇತ್ತಾ?"

"ಇಲ್ರಿ. ಛಲೋ ಐತಿ. ಗೆಳತ್ಯಾರು ಅದಾರ."

"ಮತ್ಯಾಕೆ ಹೋಗ್ಬೇಕು?"

ಹುಲಿಗೆಮ್ಮ ನಿಶ್ಮಿತಾಳ ಕಡೆ ತೋರಿಸಿದಳು. "ನಾ ಇವ್ರಿಗೆ ಸುಳ್ಳ ಹೇಳಿದ್ನಿ. ಇವ್ರು ನನ್ನ ಕೇಳದೇ ಸಭಾದಾಗ ಹೇಳಿಬಿಟ್ರು. ಇಬ್ರಿಗೂ ಸಿಟ್ಟು ಬಂದಿತ್ತು. ಆದ್ರೂ ಪ್ರತಿ ಶನಿವಾರ ಬಂದ್ರು. ನಾ ಮಾತಾಡದಿದ್ರೂ ಕುಂತು ಹೋದ್ರು. ಅದಕ್ಕ ರೀ."

ಅಧ್ಯಕ್ಷೆ ಬರೆದುಕೊಂಡರು. ನಂತರ ಹುಡುಗಿ ಗಂಗೊಳ್ಳಿಯ ಮನೆಯಲ್ಲೇ ಇರಲೆಂಬ ಹೊಸ ಆದೇಶದ ಕಾಗದವನ್ನು, ಸಹಿ ಹಾಕುವಂತೆ, ಮೊದಲು ಹುಲಿಗೆಮ್ಮನ ಮುಂದೆ ಸರಿಸಿದರು. ಅವಳು ನಿಧಾನವಾಗಿ, ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದಳು.

ಊರಿಗೆ ಹೊರಟ ಬಸ್ಸಿನಲ್ಲಿ ಬೇಬಿಯಮ್ಮ ಹತ್ತಿದ ಕೂಡಲೇ ನಿದ್ದೆಗೆ ಜಾರಿದರು. ಹುಲಿಗೆಮ್ಮ ಕಿಟಕಿಯ ಪಕ್ಕ, ನಿಶ್ಮಿತಾ ಅವಳ ಬದಿಗೆ. ಬಸ್ಸು ಕುಂದಾಪುರ ದಾಟಿತು. ಹೆಮ್ಮಾಡಿಯಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ಹುಡುಗಿಯೊಬ್ಬಳು ಬಸ್ಸು ಹತ್ತಿದಳು. ಹುಲಿಗೆಮ್ಮ ಆ ಮಗುವನ್ನು ನೋಡುತ್ತ ಇದ್ದಕ್ಕಿದ್ದಂತೆ ಹೇಳಿದಳು:

"ನನಗ ಒಬ್ಬ ತಮ್ಮ ಇದ್ದ."

ನಿಶ್ಮಿತಾ ತಿರುಗಿ ನೋಡಿದಳು. ಮೂರು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತು.

"ಯಮನೂರ ಅಂತ. ಅವಾ ಹುಟ್ಟಿದಾಗ ನನಗ ಏಳು ವರ್ಷ. ನಾನ ಎತ್ಕೊಂಡ್ ತಿರಗತಿದ್ನಿ. ಅವನ ಸುದ್ದಿ ಹೇಳಿದ್ರ ನೀವು ವರ್ಷ ಕೂಡಿಸಿ ಲೆಕ್ಕ ಹಾಕಿಬಿಡ್ತೀರಿ ಅಂತ ಅಂಜಿಕಿ ಇತ್ತು. ಅದಕ್ಕ ಹೇಳಲಿಲ್ಲ. ಅವ್ವನ ಸುದ್ದೀನೂ ಹೇಳಲಿಲ್ಲ. ಒಂದ್ ಹೇಳಿದ್ರ ಇನ್ನೊಂದ್ ಬರತದ ನೋಡ್ರಿ."

ವಯಸ್ಸಿನ ಸುಳ್ಳಿನ ಜೊತೆಗೆ ಈ ಹುಡುಗಿ ತನ್ನ ಮನೆಯವರನ್ನೆಲ್ಲ ಒಳಗೇ ಹೂತಿಟ್ಟುಕೊಂಡಿತ್ತು. ಅವರಿಗಾಗಿ ಅಳುವುದಕ್ಕೂ ಆಗದಂತೆ.

"ಅವ್ನಿಗೆ ಎಂತ ಇಷ್ಟ ಇತ್ತ್, ಯಮನೂರಂಗೆ?" ಎಂದು ಕೇಳಿದಳು.

ಹುಲಿಗೆಮ್ಮ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು, ಕೆನ್ನೆ ಒರೆಸಿಕೊಂಡು, ಹೇಳತೊಡಗಿದಳು. ದೋಣಿ ಬಂದ ಕೂಡಲೇ ನೀರಂಚಿಗೆ ಓಡುತ್ತಿದ್ದನಂತೆ. ಮೀನಿನ ಬುಟ್ಟಿ ಹೊತ್ತವರ ಹಿಂದೆ ಹಿಂದೆ ಹೋಗಿ, ಬಿದ್ದ ಏಡಿ ಹೆಕ್ಕಿ, ಅಂಗಿಯಲ್ಲಿ ತುಂಬಿಕೊಂಡು ಬಂದು, ಏಡಿ ಕಚ್ಚಿದಾಗ ಅಂಗಿಯನ್ನೇ ಬಿಚ್ಚಿ ಎಸೆದು ಅಳುತ್ತಿದ್ದನಂತೆ. ಅವ್ವ ನಗುತ್ತಿದ್ದಳಂತೆ. ಹೇಳುತ್ತ ಹೇಳುತ್ತ ಅವಳೂ ನಕ್ಕಳು. ಬಸ್ಸು ಮುಳ್ಳಿಕಟ್ಟೆಯಲ್ಲಿ ಎಡಕ್ಕೆ ತಿರುಗಿ ಗಂಗೊಳ್ಳಿಯ ದಾರಿ ಹಿಡಿದಾಗ ಅವಳು ಇನ್ನೂ ಅವ್ವನ ಹಾಡಿನ ಬಗ್ಗೆ ಹೇಳುತ್ತಿದ್ದಳು. ಬೇಬಿಯಮ್ಮನಿಗೆ ಎಚ್ಚರವಾಗಿತ್ತು, ಆದರೂ ಮಾತು ತಡೆಯಬಾರದೆಂದು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು.